ಏಳನೇ ಪುಸ್ತಕದ ಕೊನೆ ಪುಟದವರೆಗೆ

ಪ್ರಾಚೀನ ರೋಮ್ ಬಗ್ಗೆ ಕಾಲೀನ್ ಮೆಕಲಾ ಬರೆದ ಮಾಸ್ಟರ್ಸ್ ಆಫ್ ರೋಮ್ ಕಾದಂಬರಿ ಸೀರೀಸ್‌ನ ಏಳನೇ ಪುಸ್ತಕ ಹೋದ ತಿಂಗಳು ಮುಗಿಸಿದೆ. ಅವೆನ್ಯೂ ರೋಡಲ್ಲಿ ಮೊದಲನೇದು ಸೆಕೆಂಡ್‌ಹ್ಯಾಂಡ್ ಸಿಕ್ಕಿ ಆರು ವರ್ಷ ಆಯ್ತು. ಅದು ಬಂದಿದ್ದು 1990ರಲ್ಲಿ, ಕೊನೇದು 2007ರಲ್ಲಿ, ಅಂದ್ರೆ ಆಕೆ ಹದಿನೇಳು ವರ್ಷ ಇದನ್ನ ಹೊರಗೆ ತರ್ತಾನೇ ಇದ್ರು, ನಾನು ಆರು ವರ್ಷ ತಗೊಂಡಿದ್ದು ಜಾಸ್ತಿ ಏನಲ್ಲ ಅನ್ಸುತ್ತೆ.

ಶುರುನಲ್ಲಿ ಎರಡು ಸಲ ಬಿಟ್ಟುಬಿಟ್ಟಿದ್ದೆ. ಕಾರಣ ಹೆಸರುಗಳು. ಅಪ್ಪನ ಹೆಸರೇ ಮಗನಿಗೆ, ಜೂಲಿಯಸ್ ಮನೆತನದಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲಾ ಜೂಲಿಯಾನೇ, ಸೇನಾಪತಿ ಮಾರಿಯಸ್ ಹೆಂಡ್ತೀನೂ ಜೂಲಿಯಾ, ಮುಂದೆ ಇನ್ನೊಬ್ಬ ಸೇನಾಪತಿ ಪಾಂಪೆ ಕೈಹಿಡಿಯೋ ಸೀಸರ್ ಮಗಳೂ ಜೂಲಿಯಾ. ಮೂರನೇ ಸಲ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡು ಒಂದೊಂದು ಮನೆತನಕ್ಕೆ ಒಂದೊಂದು ಪುಟ ಬಿಟ್ಟು, ಯಾರು ಯಾರ ಮಗ, ಯಾರ ಅಳಿಯ ಅಂತ ಬರ್ಕೊಳ್ತಾ ಓದಿದೆ. ಯಾರಾದ್ರೂ ಸತ್ರೆ ಹೆಸರಿನ ಪಕ್ಕ ಕೆಂಪು ಪೆನ್ನಲ್ಲಿ ಒಂದು ಗೆರೆ, ಇಸವಿ. ಕಥೆ ಶುರುವಾಗೋದು ಕ್ರಿ.ಪೂ. 110ರ ಹೊಸ ವರ್ಷದ ದಿನ, ಆಮೇಲೆ ಇಸವಿ ಇಳೀತಾ ಇಳೀತಾ ಹೋಗುತ್ತೆ. ತಾರೀಖಿಗೂ ಒಂದು ಪುಟ ಇಟ್ಟಿದ್ದೆ: ಐಡ್ಸ್ ಅಂದ್ರೆ ರೋಮನ್ನರು ತಿಂಗಳ ನಡುವಿನ ದಿನಕ್ಕೆ ಇಟ್ಟ ಹೆಸರು, ಮಾರ್ಚ್, ಮೇ, ಜುಲೈ, ಅಕ್ಟೋಬರಲ್ಲಿ 15, ಮಿಕ್ಕಿದ್ದರಲ್ಲಿ 13, ಆ ಜುಲೈಗೂ ಆಗಿನ್ನೂ ಕ್ವಿಂಟಿಲಿಸ್ ಅಂತಾನೇ ಹೆಸರು. ಪಂಚಾಂಗ ನೋಡಿ ಬೆಳೆದವರಿಗೆ ಇದು ಬೇಗ ಕೈಗೆ ಹತ್ತುತ್ತೆ.

ಎರಡನೇ ಪುಸ್ತಕದಿಂದ ಬಿಡೋಕೇ ಆಗ್ಲಿಲ್ಲ. ಅದರಲ್ಲಿ ಹುಲ್ಲಿನ ಕಿರೀಟದ ವಿಷಯ ಬರುತ್ತೆ, ಒಂದಿಡೀ ಸೈನ್ಯಾನ ಸಾವಿನ ಬಾಯಿಂದ ಉಳಿಸಿದವನಿಗೆ ಸೈನಿಕರೇ ಆ ಯುದ್ಧ ನಡೆದ ಜಾಗದ ಹುಲ್ಲು ಕಿತ್ತು ಹೆಣೆದು ತಲೆಗೆ ಇಡೋದು, ಚಿನ್ನ ಇಲ್ಲ ಬೆಳ್ಳಿ ಇಲ್ಲ, ಆದ್ರೂ ರೋಮಿನ ಸೈನ್ಯದಲ್ಲಿ ಅದಕ್ಕಿಂತ ದೊಡ್ಡ ಗೌರವ ಇರ್ಲಿಲ್ಲ. ನೋಲಾ ಊರಿನ ಹತ್ರ ಅದು ಸುಲ್ಲಾ ಅನ್ನೋ ಸೇನಾಪತಿಗೆ ಸಿಗುತ್ತೆ. ಅದೇ ಸುಲ್ಲಾ ಮುಂದೆ ಸೈನ್ಯ ತಗೊಂಡು ಸ್ವಂತ ಊರಾದ ರೋಮಿನ ಮೇಲೇ ನುಗ್ತಾನೆ. ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ.

ಆರನೇ ಪುಸ್ತಕದಲ್ಲಿ ಸೀಸರ್ ಕೊಲೆ. ಕ್ರಿ.ಪೂ. 44, ಮಾರ್ಚ್ 15. ಆಗೋದೇನು ಅಂತ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಆ ಹೆಸರಿನ ಪಕ್ಕ ಕೆಂಪು ಗೆರೆ ಎಳೆಯೋಕೆ ಮೂರು ವಾರ ಕೈ ಬರ್ಲಿಲ್ಲ. ಲೇಖಕಿ ಸೀರೀಸ್ ಅಲ್ಲಿಗೇ ಮುಗಿಸಬೇಕು ಅಂದ್ಕೊಂಡಿದ್ರಂತೆ, ಓದುಗರು ಬಿಡದೆ ಕೇಳಿದ್ದಕ್ಕೆ ಸೀಸರ್ ಸೇನಾನಿ ಆಂಟನಿ, ಈಜಿಪ್ಟ್ ರಾಣಿ ಕ್ಲಿಯೋಪಾತ್ರರ ಕಥೆ ಬರೆದ್ರು.

ಅದೇ ಕೊನೇದು ಅಂತ ಏಳನೇದು ಕಪಾಟಲ್ಲಿ ಎಂಟು ತಿಂಗಳು ಕೂತಿತ್ತು. ಚಿತ್ರದುರ್ಗದಿಂದ ಅಕ್ಕ ಫೋನ್ ಮಾಡಿದಾಗಲೆಲ್ಲಾ "ಮುಗೀತೇನೋ?" "ಇಲ್ಲ ಕಣೇ, ಮುಗಿಸಿದ್ರೆ ಇನ್ನೇನಿದೆ." ಕೊನೆಗೆ ದಿನಕ್ಕೆ ಇಪ್ಪತ್ತೇ ಪುಟ ಅಂತ ಲೆಕ್ಕ ಹಾಕ್ಕೊಂಡು ಶುರು ಮಾಡಿದೆ, ಬೆಳಿಗ್ಗೆ ಕಾಫಿ ಜೊತೆ ಹತ್ತು, ರಾತ್ರಿ ಹತ್ತು. ನೋಟ್‌ಬುಕ್ ತೆಗೆದು ನೋಡಿದ್ರೆ ಪುಟ ಪುಟಾನೂ ಕೆಂಪು. ಮಾರಿಯಸ್, ಸುಲ್ಲಾ, ಪಾಂಪೆ, ಕೇಟೋ, ಬ್ರೂಟಸ್ ಎಲ್ಲಾ ಹೋಗಿದಾರೆ. ಗೆರೆ ಇಲ್ಲದ ಹೆಸರು ಹುಡುಕಿ ಒಂದು ಹೊಸ ಪುಟಕ್ಕೆ ಬರ್ಕೊಂಡೆ, ಆಂಟನಿ, ಸೀಸರ್ ದತ್ತುಮಗ ಆಕ್ಟೇವಿಯನ್, ಕ್ಲಿಯೋಪಾತ್ರ, ಆಕ್ಟೇವಿಯಾ, ಅಗ್ರಿಪ್ಪ, ಲಿವಿಯಾ, ಇವರನ್ನ ಇಟ್ಕೊಂಡೇ ಓದಿದೆ. ನೀವೂ ಹೀಗೇ ಮಾಡಿ, ತುಂಬಾ ಅನುಕೂಲ. ನಿಜ ಹೇಳ್ಬೇಕಂದ್ರೆ ಮೊದಲ ಪುಸ್ತಕಗಳಲ್ಲಿದ್ದ ಸೆನೆಟ್ ಜಗಳ, ರೋಮಿನ ಬಡವರ ಕೇರಿ ಸುಬುರಾದ ಗಲ್ಲಿಯ ಗದ್ದಲ ಇದರಲ್ಲಿ ಕಮ್ಮಿ. ಆದ್ರೆ ಆಕ್ಟೇವಿಯನ್ ಚಿತ್ರ ಮಾತ್ರ ನನಗೆ ಬಹಳ ಹಿಡಿಸ್ತು, ಉಸಿರಾಟದ ತೊಂದರೆ ಇರೋ ಸಣಕಲು ಹುಡುಗ, ಯುದ್ಧದಲ್ಲಿ ಆಂಟನಿ ಮುಂದೆ ಏನೂ ಅಲ್ಲ, ಆದ್ರೆ ಕಾಯೋಕೆ ಗೊತ್ತು.

ಕ್ರಿ.ಪೂ. 31ರಲ್ಲಿ ಆಕ್ಟಿಯಂ ಯುದ್ಧ, ಆಂಟನಿ ಆಕ್ಟೇವಿಯನ್‌ಗೆ ಸೋಲ್ತಾನೆ, ಮುಂದಿನ ವರ್ಷ ಈಜಿಪ್ಟ್ ರೋಮಿನ ಕೈಗೆ. ಇನ್ನೂ ಮೂರು ವರ್ಷಕ್ಕೆ ಆ ಹುಡುಗನೇ ಆಗಸ್ಟಸ್, ರೋಮಿನ ಮೊದಲ ಚಕ್ರವರ್ತಿ. ಈಜಿಪ್ಟ್ ಸಿಕ್ಕಿದ ಮೇಲೆ ಅಲ್ಲಿನ ಕೆಂಪು ಸಮುದ್ರದ ಮಯೋಸ್ ಹಾರ್ಮೋಸ್ ಬಂದರಿಂದ 120 ಹಡಗು ಇಂಡಿಯಾ ಕಡೆ ಹೋಗ್ತಿದ್ವು ಅಂತ ಆ ಕಾಲದ ಭೂಗೋಳ ಬರಹಗಾರ ಸ್ಟ್ರೇಬೊ ಬರೆದಿದಾನೆ. ಹಾಗೆ ಬಂದ ರೋಮನ್ ಬೆಳ್ಳಿ ನಾಣ್ಯ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆದಾಗ ಸಿಕ್ಕಿವೆ. ಚಿಕ್ಕವರಿದ್ದಾಗ ಆ ಕೆರೆ ದಂಡೆ ಮೇಲೆ ಬುತ್ತಿ ಬಿಚ್ಚಿ ತಿಂದ ಜಾಗ ಅದು.

ಮುಗಿಸಿದ ಭಾನುವಾರ ಬಸ್ ಹತ್ತಿ ಅಕ್ಕನ ಮನೆಗೆ ಹೋದೆ, ಸಂಜೆ ಇಬ್ಬರೂ ಚಂದ್ರವಳ್ಳಿಗೆ ಹೋಗಿ ಬಂಡೆ ಮೇಲೆ ಕೂತಿದ್ವಿ. ಇಡೀ ಕಥೆ ಹೇಳೋಕೆ ಶುರು ಮಾಡಿದ್ದೆ, ಅಕ್ಕ ತಡೆದ್ಲು. "ಹೇಳ್ಬೇಡ್ವೋ, ನಾನೇ ಓದ್ತೀನಿ. ಮೊದಲನೇದು ಕೊಡು." ಕೊಟ್ಟು ಬಂದಿದೀನಿ, ಜೊತೆಗೆ ಒಂದು ಖಾಲಿ ನೋಟ್‌ಬುಕ್, ಒಂದು ಕೆಂಪು ಪೆನ್ನು.