ನಾಗಾವೊಕಾದ ಬಾಣಬಿರುಸು ನೋಡಲು ಹೋಗುವುದು ಹೇಗೆ?

ಜಪಾನಿನಲ್ಲಿ ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಬಾಣಬಿರುಸಿನ ಕಾಲ. ಟೋಕಿಯೊದ ಸುಮಿದಾ ನದಿಯ ಮೇಲೆ ಜುಲೈ ಕೊನೆಯ ಶನಿವಾರ, ಒಸಾಕಾದ ತೆಂಜಿನ್ ಹಬ್ಬದಲ್ಲಿ ಜುಲೈ 25ರಂದು, ಅಕಿತಾ ಪ್ರಾಂತ್ಯದ ಒಮಾಗಾರಿಯಲ್ಲಿ ಆಗಸ್ಟ್ ಕೊನೆಯ ಶನಿವಾರ, ಹೀಗೆ ಊರೂರಲ್ಲಿ ಆಕಾಶ ಬೆಳಗುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿರುವವರು ನೀಗಾತಾ ಪ್ರಾಂತ್ಯದ ನಾಗಾವೊಕಾ ನಗರವನ್ನು ಆರಿಸಿಕೊಳ್ಳಲಿ ಎಂಬುದು ನನ್ನ ಸಲಹೆ. ಅಲ್ಲಿನ ಪ್ರದರ್ಶನ ಆಗಸ್ಟ್ 2 ಮತ್ತು 3ರಂದು, ವಾರದ ಯಾವ ದಿನವೇ ಬರಲಿ, ಶಿನಾನೊ ನದಿಯ ದಂಡೆಯಲ್ಲಿ ನಡೆಯುತ್ತದೆ. ಆದರೆ ಅದನ್ನು ಸರಿಯಾಗಿ ನೋಡಬೇಕೆಂದರೆ ಆಗಸ್ಟ್ 1ರಂದೇ ಊರು ಸೇರಬೇಕು. ಪ್ರವಾಸದ ಯೋಜನೆಯೆಲ್ಲ ಈ ಒಂದು ದಿನವನ್ನು ಹಿಡಿದು ರೂಪುಗೊಳ್ಳಲಿ.

ಈ ಊರಿನಲ್ಲಿ ಬಾಣಬಿರುಸಿನ ಪ್ರದರ್ಶನ 1879ರಿಂದ ಇದೆ. ಇಂದು ನಾವು ನೋಡುವ ಹಬ್ಬದ ಬೇರು ಮಾತ್ರ ಯುದ್ಧದಲ್ಲಿದೆ. 1945ರ ಆಗಸ್ಟ್ 1ರ ರಾತ್ರಿ 10.30ಕ್ಕೆ ಅಮೆರಿಕದ ಬಿ-29 ವಿಮಾನಗಳು ನಾಗಾವೊಕಾದ ಮೇಲೆ ಬೆಂಕಿಬಾಂಬುಗಳನ್ನು ಸುರಿಯತೊಡಗಿದವು. ಸುಮಾರು ಒಂದು ಗಂಟೆ ನಲವತ್ತು ನಿಮಿಷಗಳಲ್ಲಿ ಪೇಟೆಯ ಶೇ 80ರಷ್ಟು ಭಾಗ ಸುಟ್ಟುಹೋಯಿತು, 1,480ಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷವೇ ಊರಿನವರು ಪುನರ್ನಿರ್ಮಾಣದ ಹಬ್ಬವನ್ನು ಆರಂಭಿಸಿದರು, 1947ರಲ್ಲಿ ಅದಕ್ಕೆ ಬಾಣಬಿರುಸನ್ನೂ ಸೇರಿಸಿದರು. ಮೇಲಿನಿಂದ ಬಿದ್ದ ಬೆಂಕಿಯಲ್ಲಿ ಮನೆಮಂದಿಯನ್ನು ಕಳೆದುಕೊಂಡ ಜನ, ಎರಡೇ ವರ್ಷಗಳಲ್ಲಿ ಅದೇ ಆಕಾಶಕ್ಕೆ ತಾವಾಗಿ ಬೆಂಕಿಯನ್ನು ಹಾರಿಸಿ ಸತ್ತವರನ್ನು ನೆನೆಯಲು ತೀರ್ಮಾನಿಸಿದ್ದು ಸಣ್ಣ ಮಾತಲ್ಲ. ಇದನ್ನು ತಿಳಿಯದೆ ಹೋದವರಿಗೂ ಬಣ್ಣ ಕಾಣುತ್ತದೆ, ಸದ್ದು ಕೇಳುತ್ತದೆ. ಪಕ್ಕದಲ್ಲಿ ಕುಳಿತ ಅಜ್ಜಿ ಯಾಕೆ ಕೈಮುಗಿದರು ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಮೊದಲು ಟಿಕೆಟ್, ಅದಕ್ಕೂ ಮೊದಲು ವಾಪಸಾತಿ

ನದಿಯ ದಂಡೆಯ ಆಸನಗಳಿಗೆಲ್ಲ ಈಗ ಹಣ ಕೊಟ್ಟೇ ಟಿಕೆಟ್ ಪಡೆಯಬೇಕು. ಬೇಡಿಕೆ ಬಹಳ ಇರುವುದರಿಂದ ಮೊದಲು ಲಾಟರಿ ಎತ್ತಿ ಹಂಚುತ್ತಾರೆ. ಅರ್ಜಿ ಹಾಕುವ ಅವಧಿ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಮುಗಿದುಹೋಗುತ್ತದೆ. ಆದ್ದರಿಂದ ಹೊಸ ವರ್ಷ ಹುಟ್ಟಿದ ಮೇಲೆ ಹಬ್ಬದ ಅಧಿಕೃತ ಜಾಲತಾಣವನ್ನು ಆಗಾಗ ನೋಡುತ್ತಿರಬೇಕು. ಅರ್ಜಿ ತುಂಬುವಾಗ ಜಪಾನಿ ಓದಬಲ್ಲವರ ನೆರವು ಪಡೆಯುವುದು ಒಳ್ಳೆಯದು. ಟೋಕಿಯೊ ಸುತ್ತಮುತ್ತ ಕೆಲಸದ ಮೇಲೆ ನೆಲೆಸಿರುವ ಕನ್ನಡಿಗರು ಸಾಕಷ್ಟು ಮಂದಿ ಇದ್ದಾರೆ, ಪರಿಚಯದವರಿದ್ದರೆ ಕೇಳಲು ಸಂಕೋಚ ಬೇಡ. ಬೇರೆಯವರು ಮರುಮಾರಾಟಕ್ಕೆ ಇಟ್ಟ ಟಿಕೆಟನ್ನು ದುಬಾರಿ ಬೆಲೆಗೆ ಕೊಳ್ಳಲು ಹೋಗಬೇಡಿ. ಬಾಗಿಲಲ್ಲಿ ಅದು ನಡೆಯುತ್ತದೆ ಎಂಬ ಭರವಸೆ ಯಾರೂ ಕೊಡುವುದಿಲ್ಲ.

ಆಸನ ಸಿಕ್ಕಿದ ಮೇಲೆ ಹೆಚ್ಚಿನವರು ಹೋಗುವ ದಾರಿಯ ಬಗ್ಗೆ ಯೋಚಿಸುತ್ತಾರೆ. ನಿಜವಾದ ಕಷ್ಟವಿರುವುದು ಬರುವ ದಾರಿಯಲ್ಲಿ. ಟೋಕಿಯೊದಿಂದ ನಾಗಾವೊಕಾಗೆ ಜೊಯೆತ್ಸು ಶಿಂಕನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಂದೂವರೆ ಗಂಟೆಯಿಂದ ಒಂದು ಮುಕ್ಕಾಲು ಗಂಟೆ ಸಾಕು. ಬೆಳಗಿನಿಂದ ಸಂಜೆಯವರೆಗೆ ಜನ ಹಂಚಿಕೊಂಡು ಬಂದಿಳಿಯುತ್ತಾರೆ. ಆದರೆ ರಾತ್ರಿ 9.10ರ ಹೊತ್ತಿಗೆ ಪ್ರದರ್ಶನ ಮುಗಿದಾಗ ಅಷ್ಟೂ ಜನ ಏಕಕಾಲಕ್ಕೆ ಒಂದೇ ನಿಲ್ದಾಣದ ಕಡೆ ನಡೆಯತೊಡಗುತ್ತಾರೆ. ವಿಶೇಷ ರೈಲುಗಳು ಓಡುತ್ತವೆ, ಆದರೂ ನಿಲ್ದಾಣದ ಹೊರಗೆ ಸಾಲು ಬೀದಿಯುದ್ದಕ್ಕೂ ಬೆಳೆಯುತ್ತದೆ. ರೈಲು ಓಡಿಸುವ ಜೆಆರ್ ಸಂಸ್ಥೆ ಕಾಯ್ದಿರಿಸಿದ ಆಸನಗಳ ಮಾರಾಟವನ್ನು ಪ್ರಯಾಣದ ದಿನಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು ಬೆಳಿಗ್ಗೆ 10 ಗಂಟೆಗೆ ತೆರೆಯುತ್ತದೆ. ಆಗಸ್ಟ್ 2ರ ರಾತ್ರಿ ಟೋಕಿಯೊಗೆ ಮರಳುವವರು ಜುಲೈ 2ರಂದು ಬೆಳಿಗ್ಗೆ 10ಕ್ಕೆ ಸಿದ್ಧರಾಗಿ ಕೂತು ವಾಪಸಾತಿಯ ಟಿಕೆಟನ್ನೇ ಮೊದಲು ಕಾಯ್ದಿರಿಸಲಿ, ಹೋಗುವ ಟಿಕೆಟ್ ಆಮೇಲೆ ನೋಡಿಕೊಳ್ಳಬಹುದು.

ಉಳಿದುಕೊಳ್ಳುವವರಿಗೆ ನಾಗಾವೊಕಾದಲ್ಲೇ ಕೋಣೆ ಸಿಕ್ಕುವುದು ಬಲು ಅಪರೂಪ. ಅದೇ ರೈಲು ಮಾರ್ಗದಲ್ಲಿರುವ ನೀಗಾತಾ, ತ್ಸುಬಾಮೆ-ಸಾಂಜೊ, ಎಚಿಗೊ-ಯುಜಾವಾಗಳಲ್ಲಿ ಹುಡುಕಿ. ಶಿಂಕನ್‌ಸೆನ್‌ನಲ್ಲಿ ಯಾವುದೂ ಅರ್ಧ ಗಂಟೆಗಿಂತ ದೂರವಿಲ್ಲ. ಎಚಿಗೊ-ಯುಜಾವಾದಲ್ಲಿ ಬಿಸಿನೀರ ಬುಗ್ಗೆಗಳ ಸ್ನಾನಗೃಹಗಳೂ ಇವೆ, ದಣಿದ ಕಾಲಿಗೆ ಹಿತ.

ಆಗಸ್ಟ್ 1: ಊರಿನವರ ಸಂಜೆ

ಈ ದಿನ ಬೆಳಿಗ್ಗೆ ಅಥವಾ ಮಧ್ಯಾಹ್ನ ನಗರದ ಯುದ್ಧಹಾನಿ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. 2003ರಲ್ಲಿ ತೆರೆದ ಈ ಸಂಗ್ರಹಾಲಯ ಚಿಕ್ಕದು, ಪ್ರವೇಶಕ್ಕೆ ಶುಲ್ಕವಿಲ್ಲ. ಆ ರಾತ್ರಿಯಲ್ಲಿ ಸತ್ತವರ ಭಾವಚಿತ್ರಗಳು ಅಲ್ಲಿವೆ. ಗಡಿಬಿಡಿ ಮಾಡದೆ ಒಂದೊಂದು ಮುಖವನ್ನೂ ನೋಡಬೇಕು. ಚಿಕ್ಕ ಮಕ್ಕಳ ಮುಖಗಳೂ ಅವುಗಳಲ್ಲಿ ಸೇರಿವೆ.

ಸಂಜೆ ಪೇಟೆಯ ಮುಖ್ಯ ಬೀದಿಯಲ್ಲಿ ಜಾನಪದ ಕುಣಿತದ ಮೆರವಣಿಗೆ ಇರುತ್ತದೆ. ಅದನ್ನು ಸ್ವಲ್ಪ ಹೊತ್ತು ನೋಡಿ ಕಾಕಿಗಾವಾ ಎಂಬ ಸಣ್ಣ ಹೊಳೆಯ ಕಡೆ ನಡೆಯಿರಿ. ದಾಳಿಯ ರಾತ್ರಿ ಬೆಂಕಿಯಿಂದ ತಪ್ಪಿಸಿಕೊಳ್ಳಲು ಅದಕ್ಕೆ ಇಳಿದ ಎಷ್ಟೋ ಜನ ಅಲ್ಲಿಯೇ ಸತ್ತರು. ಈಗ ಅವರ ಹೆಸರಿನಲ್ಲಿ ಕಾಗದದ ದೀಪಗಳನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ದಡದಲ್ಲಿ ನಿಂತು ನೋಡಲು ಯಾರ ಅಡ್ಡಿಯೂ ಇಲ್ಲ, ಆದರೆ ದೀಪ ಬಿಡುತ್ತಿರುವವರ ಮುಖಕ್ಕೆ ಮೊಬೈಲ್ ಹಿಡಿದು ಫೋಟೊ ತೆಗೆಯುವುದು ಬೇಡ.

ರಾತ್ರಿ 10.30ಕ್ಕೆ, ಬಾಂಬು ಬೀಳಲು ಆರಂಭವಾದ ಅದೇ ಹೊತ್ತಿಗೆ, ದೇಗುಲಗಳ ಗಂಟೆಗಳು ಮೊಳಗುತ್ತವೆ, ನದಿಯ ಮೇಲಿನ ಆಕಾಶಕ್ಕೆ ‘ಶಿರಾಗಿಕು’, ಅಂದರೆ ಬಿಳಿ ಸೇವಂತಿಗೆ, ಎಂಬ ಬಾಣಬಿರುಸನ್ನು ಹಾರಿಸುತ್ತಾರೆ. ಮೂರೇ ಮೂರು, ಬಣ್ಣವಿಲ್ಲ, ಸಂಗೀತವಿಲ್ಲ. ಒಂದು ಅರಳಿ ಅದರ ಎಳೆಗಳು ಕೆಳಗಿಳಿದು ಆರಿದ ಮೇಲೆಯೇ ಮುಂದಿನದು. ಇದನ್ನು ರೂಪಿಸಿದ ಕಾಸೆ ಸೇಜಿ ನಾಗಾವೊಕಾದ ಹೆಸರಾಂತ ಬಾಣಬಿರುಸು ಕುಶಲಿ. ಯುದ್ಧದ ನಂತರ ಸೈಬೀರಿಯಾದಲ್ಲಿ ಸೆರೆಯಾಳಾಗಿದ್ದು ಮರಳಿ ಬಂದವರು. 1990ರಲ್ಲಿ ರಷ್ಯಾದ ಖಬಾರೊವ್‌ಸ್ಕ್‌ನಲ್ಲಿ, ಸೆರೆಯಲ್ಲೇ ಸತ್ತ ಜೊತೆಗಾರರಿಗಾಗಿ ಅವರು ಈ ಬಿಳಿ ಹೂವನ್ನು ಆಕಾಶಕ್ಕೆ ಬಿಟ್ಟಿದ್ದರು. ಮುಂದಿನ ಎರಡು ರಾತ್ರಿಗಳ ಸಾವಿರಾರು ಬಾಣಗಳಿಗಿಂತ ಈ ಮೂರು ನನಗೆ ಹೆಚ್ಚು. ಹೆಚ್ಚಿನ ಪ್ರವಾಸಿಗರು 2ನೇ ತಾರೀಖು ಬರುವುದರಿಂದ ಇದನ್ನು ಕಾಣದೆಯೇ ಹೋಗುತ್ತಾರೆ.

ಆಗಸ್ಟ್ 2 ಅಥವಾ 3: ದಂಡೆಯ ಮೇಲೆ

ನಿಲ್ದಾಣವಿರುವುದು ನದಿಯ ಬಲದಂಡೆಯ ಕಡೆ. ಅಲ್ಲಿಂದ ಆಸನಗಳವರೆಗೆ ಸುಮಾರು ಅರ್ಧ ಗಂಟೆ ನಡಿಗೆ, ಜನದಟ್ಟಣೆಯಲ್ಲಿ ಇನ್ನೂ ಹೆಚ್ಚು. ಎಡದಂಡೆಗೆ ಹೋಗಬೇಕಾದರೆ ಸೇತುವೆ ದಾಟಬೇಕು. ರೈಲಿನಲ್ಲಿ ಬರುವವರಿಗೆ ಬಲದಂಡೆ ಅನುಕೂಲ, ಆದರೆ ಒಂದು ತೊಂದರೆಯಿದೆ: ಅಲ್ಲಿ ಕೂತವರ ಮುಖ ಪಶ್ಚಿಮಕ್ಕೆ. ಆಗಸ್ಟ್ ಆರಂಭದಲ್ಲಿ ಸೂರ್ಯ ಮುಳುಗುವುದು ಏಳು ಗಂಟೆಯ ಸುಮಾರಿಗೆ. ಬೇಗ ಹೋಗಿ ಕೂತರೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಉಷ್ಣತೆ 35 ಡಿಗ್ರಿ ಮುಟ್ಟುವ ದಿನಗಳು ಅವು, ಸೆಕೆಯಂತೂ ನಮ್ಮ ಮಂಗಳೂರಿನ ಮೇ ತಿಂಗಳಿಗೆ ಕಡಿಮೆಯಿಲ್ಲ. ಅಗಲ ಅಂಚಿನ ಟೋಪಿ, ಒದ್ದೆ ಮಾಡಿಕೊಳ್ಳಬಹುದಾದ ಟವೆಲ್, ಬೀಸಣಿಗೆ, ತಲಾ ಎರಡು ಲೀಟರ್ ನೀರು ಅಥವಾ ತಣ್ಣಗಿನ ಬಾರ್ಲಿ ಚಹಾ ಜೊತೆಗಿರಲಿ. ಮಳೆ ಬಂದರೆ ಕೊಡೆ ಬಿಡಿಸುವಂತಿಲ್ಲ, ಹಿಂದಿನವರಿಗೆ ಮರೆಯಾಗುತ್ತದೆ. ತೆಳುವಾದ ರೇನ್‌ಕೋಟ್ ಇಟ್ಟುಕೊಳ್ಳಿ. ಕತ್ತಲಾಗುವ ಮೊದಲೇ ಶೌಚಾಲಯಕ್ಕೆ ಹೋಗಿಬನ್ನಿ, ಆಮೇಲೆ ಸಾಲು ಕರಗುವುದಿಲ್ಲ.

ಬೇಸಿಗೆಯ ಹತ್ತಿ ಉಡುಪಾದ ಯುಕಾತಾ ತೊಡುವ ಆಸೆಯಿದ್ದರೆ ಖಂಡಿತ ತೊಡಿ, ವಿದೇಶಿಯರು ತೊಟ್ಟರೆ ಊರಿನವರಿಗೂ ಸಂತೋಷವೇ. ಎಡಬದಿಯ ಅಂಚು ಬಲಬದಿಯ ಮೇಲೆ ಬರುವಂತೆ ಸುತ್ತಿಕೊಳ್ಳಬೇಕು; ಬಲ ಮೇಲೆ ಬರುವಂತೆ ಉಡಿಸುವುದು ಶವಕ್ಕೆ. ಗಂಡಸರಿಗೂ ಹೆಂಗಸರಿಗೂ ನಿಯಮ ಒಂದೇ. ಮರದ ಚಪ್ಪಲಿಯಲ್ಲಿ ಅಷ್ಟು ದೂರ ನಡೆದರೆ ಬೆರಳಸಂದಿ ಸುಲಿಯುತ್ತದೆ, ಹಾಗಾಗಿ ಮಾಮೂಲಿ ಚಪ್ಪಲಿಯನ್ನೂ ಚೀಲದಲ್ಲಿ ಇಟ್ಟುಕೊಳ್ಳುವುದು ಜಾಣತನ.

ಸಸ್ಯಾಹಾರಿಗಳು ಊಟದ ಬಗ್ಗೆ ಮೊದಲೇ ಯೋಚಿಸಬೇಕು. ಹಬ್ಬದ ಅಂಗಡಿಗಳ ಯಾಕಿಸೋಬಾ ಎಂಬ ಹುರಿದ ನೂಡಲ್ಸ್‌ನಲ್ಲಿ ಹಂದಿಮಾಂಸ ಇರುತ್ತದೆ, ತಾಕೊಯಾಕಿ ಎಂಬ ಹಿಟ್ಟಿನ ಉಂಡೆಯ ಒಳಗೆ ಆಕ್ಟೋಪಸ್, ತರಕಾರಿಯದೇ ಎನ್ನಿಸುವ ಸಾರಿನಲ್ಲೂ ಮೀನಿನ ರಸ. ನಂಬಬಹುದಾದವು ಬೇಯಿಸಿದ ಎಳೆ ಸೋಯಾ ಕಾಯಿ, ಸುಟ್ಟ ಜೋಳ, ಐಸ್ ತುರಿದು ಪಾಕ ಸುರಿದ ಕಾಕಿಗೋರಿ. ನೀಗಾತಾದ ಹೆಮ್ಮೆಯ ತಿನಿಸಾದ ಸಾಸಾದಾಂಗೊವನ್ನು ಮರೆಯದೆ ಕೊಳ್ಳಿ: ಸೊಪ್ಪು ಬೆರೆಸಿದ ಹಸಿರು ಅಕ್ಕಿಹಿಟ್ಟಿನೊಳಗೆ ಅಜುಕಿ ಎಂಬ ಕೆಂಪು ಕಾಳಿನ ಸಿಹಿ ಹೂರಣವಿಟ್ಟು, ಬಿದಿರಿನ ಜಾತಿಯ ಎಲೆಯಲ್ಲಿ ಸುತ್ತಿ, ಹುರಿಯಿಂದ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ನಿಲ್ದಾಣದ ಅಂಗಡಿಗಳಲ್ಲೇ ಸಿಗುತ್ತದೆ. ಹುರಿ ಬಿಚ್ಚಿದೊಡನೆ ಬರುವ ಎಲೆಯ ಪರಿಮಳ ಅರ್ಧ ಹೊಟ್ಟೆ ತುಂಬಿಸುತ್ತದೆ.

ನೋಡುವ ಬಗೆ

ಸಂಜೆ 7.20ಕ್ಕೆ ಪ್ರದರ್ಶನ ಆರಂಭವಾಗುವುದೂ ಸತ್ತವರ ನೆನಪಿನ ಬಿಳಿ ಬಾಣಗಳಿಂದಲೇ. ಆಗ ಮಾತು ನಿಲ್ಲಿಸಿ. ಆಮೇಲೆ ಬಣ್ಣದ ಸರದಿ.

ಗುಂಡಗೆ ಬಿರಿಯುವ ಬಾಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಿಡಿಗಳು ಹಿಂದೆ ಎಳೆ ಬಿಡುತ್ತಾ ಹರಡಿದರೆ ಅದು ಸೇವಂತಿಗೆ. ಎಳೆಯಿಲ್ಲದೆ ಬಣ್ಣದ ಚುಕ್ಕಿಗಳು ಮಾತ್ರ ಕಂಡರೆ ಪಿಯೊನಿ, ಅದೂ ಒಂದು ಹೂವಿನ ಹೆಸರೇ. ಹೊಳೆಯುವ ಒಂದೊಂದು ಚುಕ್ಕಿಯೂ ಕೈಯಲ್ಲಿ ಪದರ ಪದರವಾಗಿ ಮದ್ದು ಹತ್ತಿಸಿ ಒಣಗಿಸಿದ ಉಂಡೆ. ಪದರ ಬದಲಾದಂತೆ ಬಣ್ಣ ಬದಲಾಗುತ್ತದೆ. ಅವನ್ನು ಗೋಲದೊಳಗೆ ಸುತ್ತಲೂ ಜೋಡಿಸಿ, ನಡುವೆ ಸಿಡಿಸುವ ಮದ್ದು ತುಂಬಿ, ಹೊರಗೆ ಕಾಗದವನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ಕಾಗದದ ಬಿಗಿ ಎಲ್ಲ ಕಡೆ ಸಮವಾಗಿದ್ದರೆ ಮಾತ್ರ ಹೂವು ಪೂರ್ಣ ವೃತ್ತವಾಗಿ ಅರಳುತ್ತದೆ. ಬಿರಿಯುವ ಕ್ಷಣಕ್ಕಿಂತ ಆರುವ ಕ್ಷಣವನ್ನು ಗಮನಿಸಿ: ಒಳ್ಳೆಯ ಕುಶಲಿಯ ಬಾಣದಲ್ಲಿ ಎಲ್ಲ ಚುಕ್ಕಿಗಳೂ ಒಟ್ಟಿಗೆ ನಂದುತ್ತವೆ.

ನಾಗಾವೊಕಾದ ಗುರುತು ಎನಿಸಿದ ಮೂರು ಶಾಕು (ಶಾಕು ಎಂದರೆ ಜಪಾನಿನ ಹಳೆಯ ಅಳತೆ, ಸುಮಾರು 30 ಸೆಂಟಿಮೀಟರ್) ಗೋಲವನ್ನು ಇಲ್ಲಿ 1926ರಲ್ಲಿ ಮೊದಲು ಹಾರಿಸಿದರು. ವ್ಯಾಸ 90 ಸೆಂಟಿಮೀಟರ್, ತೂಕ ಸುಮಾರು 300 ಕಿಲೊ. ಹಾರಿಸುವ ಮೊದಲು ಸೈರನ್ ಕೂಗುತ್ತದೆ, ಸುತ್ತಲಿನ ಗಲಾಟೆ ಅಡಗುತ್ತದೆ. ಆಗ ದಪ್ಪ ಕಿಡಿಯೊಂದು ಮೆಲ್ಲಗೆ 600 ಮೀಟರ್ ಏರಿ, 650 ಮೀಟರ್ ಅಗಲಕ್ಕೆ ಬಿರಿಯುತ್ತದೆ. ಶಬ್ದಕ್ಕೆ ಒಂದು ಕಿಲೊಮೀಟರ್ ಸಾಗಲು ಮೂರು ಸೆಕೆಂಡ್ ಬೇಕಾಗುವುದರಿಂದ ಹೂವು ಪೂರ್ತಿ ಅರಳಿದ ಮೇಲೆಯೇ ಸದ್ದು ಬಂದು ಎದೆಗೆ ತಾಗುತ್ತದೆ. ಚಿಕ್ಕ ಮಕ್ಕಳಿದ್ದರೆ ಸೈರನ್ ಕೇಳಿದೊಡನೆ ಕಿವಿ ಮುಚ್ಚಿ.

ತಪ್ಪದೆ ನೋಡಬೇಕಾದ ಇನ್ನೊಂದು ‘ಫೀನಿಕ್ಸ್’, ಬೂದಿಯಿಂದ ಮರಳಿ ಹುಟ್ಟುವ ಕಥೆಯ ಹಕ್ಕಿಯ ಹೆಸರು ಅದಕ್ಕೆ. 2004ರ ಅಕ್ಟೋಬರ್ 23ರಂದು ಈ ಸೀಮೆಯನ್ನು ನಡುಗಿಸಿದ ಭೂಕಂಪದಲ್ಲಿ 68 ಮಂದಿ ಸತ್ತರು. ಮರುವರ್ಷದಿಂದ ಚೇತರಿಕೆಯ ಹರಕೆಯಾಗಿ ಇದು ನಡೆದುಬಂದಿದೆ. ನದಿಯುದ್ದಕ್ಕೂ ಸುಮಾರು ಎರಡು ಕಿಲೊಮೀಟರ್ ದೂರಕ್ಕೆ ಹಲವು ಕಡೆಗಳಿಂದ ಒಟ್ಟಿಗೆ ಹಾರುವ ಬಾಣಗಳ ನಡುವೆ ಹೊನ್ನಿನ ಹಕ್ಕಿಗಳು ರೆಕ್ಕೆ ಬಿಚ್ಚುತ್ತವೆ. ಮೊಬೈಲಿನ ಪರದೆಗೆ ಇದು ಹಿಡಿಸುವುದಿಲ್ಲ. ಆ ಐದು ನಿಮಿಷ ಅದನ್ನು ಜೇಬಿನಲ್ಲಿಟ್ಟು, ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಾ ನೋಡಬೇಕು.

ಮುಗಿದೊಡನೆ ಎದ್ದು ಓಡಬೇಡಿ. ಪ್ರೇಕ್ಷಕರೆಲ್ಲ ಮೊಬೈಲಿನ ದೀಪ ಹೊತ್ತಿಸಿ, ಕತ್ತಲಲ್ಲಿ ಕೆಲಸ ಮಾಡಿದ ಕುಶಲಿಗಳ ಕಡೆಗೆ ಬೀಸಿ ಧನ್ಯವಾದ ಹೇಳುತ್ತಾರೆ. ಮೊಬೈಲನ್ನು ಹೊರತೆಗೆಯಬೇಕಾದದ್ದು ಆಗ. ನಿಮ್ಮ ಕಸವನ್ನು ಚೀಲದಲ್ಲಿ ಕಟ್ಟಿ ಜೊತೆಗೇ ಒಯ್ಯಿರಿ.

ಬೇರೆ ತಿಂಗಳಲ್ಲಿ ಹೋಗುವವರಿಗೆ

ಏಪ್ರಿಲ್‌ನಲ್ಲಿ ಹೋದರೆ ಯುಕ್ಯೂಜಾನ್ ಉದ್ಯಾನದ ಚೆರ್ರಿ ಹೂಗಳು ಸಿಗುತ್ತವೆ. ಫೆಬ್ರವರಿಯಲ್ಲಿ ಹಿಮದ ಹಬ್ಬ. ಬಾಣಬಿರುಸೇ ಬೇಕೆಂದರೆ ಈ ಸೀಮೆಯವರು ಕಡಲಿಗೆ ಕಾಶಿವಾಜಾಕಿ, ಹೊಳೆಗೆ ನಾಗಾವೊಕಾ, ಬೆಟ್ಟಕ್ಕೆ ಕಾತಾಕಾಯಿ ಎಂದು ಎಣಿಸುತ್ತಾರೆ. ಕಾಶಿವಾಜಾಕಿಯದು ಜುಲೈ 26ರಂದು ಸಮುದ್ರದ ಮೇಲೆ ನಡೆಯುತ್ತದೆ.

ಕಾತಾಕಾಯಿ ಪಕ್ಕದ ಒಜಿಯಾ ನಗರಕ್ಕೆ ಸೇರಿದ ಪುಟ್ಟ ಊರು. ಸೆಪ್ಟೆಂಬರ್ 9 ಮತ್ತು 10ರಂದು ಅಸಾಹಾರಾ ದೇಗುಲಕ್ಕೆ ಊರಿನವರು ಬಾಣಬಿರುಸನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಇಲ್ಲಿನ ನಾಲ್ಕು ಶಾಕು ಗೋಲದ ತೂಕ ಸುಮಾರು 420 ಕಿಲೊ, ಬಿರಿದಾಗಿನ ಅಗಲ 800 ಮೀಟರ್. ಆದರೆ ನಾನು ಜನರನ್ನು ಅಲ್ಲಿಗೆ ಕಳಿಸುವುದು ಧ್ವನಿವರ್ಧಕದಲ್ಲಿ ಬರುವ ಮಾತುಗಳಿಗಾಗಿ. ಪ್ರತಿ ಬಾಣಕ್ಕೂ ಮೊದಲು ಅದನ್ನು ಕೊಟ್ಟವರ ಹೆಸರು ಮತ್ತು ಸಂದೇಶವನ್ನು ಓದಿ ಹೇಳುತ್ತಾರೆ: ಮೊಮ್ಮಗು ಹುಟ್ಟಿದ್ದಕ್ಕೆ, ಮದುವೆಗೆ, ಅರವತ್ತು ತುಂಬಿದ್ದಕ್ಕೆ, ತೀರಿಕೊಂಡ ತಂದೆಗೆ. ಜಪಾನಿ ಬಲ್ಲ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಕೇಳುತ್ತಾ ನೋಡಿ. ಊರಿನಲ್ಲಿ ರೈಲು ನಿಲ್ದಾಣವಿಲ್ಲ. ನಾಗಾವೊಕಾದಿಂದ ಬಸ್ ಹಿಡಿಯಬೇಕು, ಮರಳುವ ಕೊನೆಯ ಬಸ್ಸಿನ ಸಮಯವನ್ನು ಹತ್ತುವ ಮೊದಲೇ ಕೇಳಿಟ್ಟುಕೊಳ್ಳಬೇಕು.