ವಿದೇಶಕ್ಕೆ ಹೊರಡುವ ಮುನ್ನವೇ ಪಿಎಫ್ ಪ್ರಮಾಣಪತ್ರ ಪಡೆಯಿರಿ
ಹುಬ್ಬಳ್ಳಿ-ಧಾರವಾಡದ ಕಂಪನಿಯಿಂದ ಜರ್ಮನಿ, ಜಪಾನ್ ಮುಂತಾದ ದೇಶಗಳಿಗೆ ನಿಯೋಜನೆಯ ಮೇಲೆ ಹೋಗುವವರು, ವಿಮಾನ ಏರುವ ಮೊದಲೇ ಉದ್ಯೋಗದಾತರ ಮೂಲಕ ಭವಿಷ್ಯ ನಿಧಿ (ಪಿಎಫ್) ಸಂಸ್ಥೆಯಿಂದ ‘ಸರ್ಟಿಫಿಕೇಟ್ ಆಫ್ ಕವರೇಜ್’, ಅಂದರೆ ಭಾರತದ ಪಿಎಫ್ ವ್ಯಾಪ್ತಿಯಲ್ಲೇ ಇದ್ದೀರಿ ಎಂಬ ಪ್ರಮಾಣಪತ್ರ, ಪಡೆದುಕೊಳ್ಳಬೇಕು. ಆ ದೇಶಗಳೊಂದಿಗೆ ಭಾರತ ಸಾಮಾಜಿಕ ಭದ್ರತಾ ಒಪ್ಪಂದ ಮಾಡಿಕೊಂಡಿರುವುದರಿಂದ, ಇಲ್ಲಿ ಪಿಎಫ್ ಕಟ್ಟುತ್ತಲೇ ಇರುವ ನೌಕರ ಅಲ್ಲಿನ ಪಿಂಚಣಿ ನಿಧಿಗೂ ಮತ್ತೊಮ್ಮೆ ಕಟ್ಟಬೇಕಾಗಿಲ್ಲ. ಜರ್ಮನಿಯಲ್ಲಿ ನೌಕರನ ಪಾಲೇ ಸಂಬಳದ ಶೇ. 9.3ರಷ್ಟಿರುವಾಗ ಇದು ಸಣ್ಣ ಉಳಿತಾಯವಲ್ಲ. ಅರ್ಜಿಯು ನಿಮ್ಮ ಪಿಎಫ್ ಖಾತೆ ಯಾವ ಕಚೇರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಹುಬ್ಬಳ್ಳಿಯಲ್ಲಿ ಕುಳಿತು ಕೆಲಸ ಮಾಡಿದರೂ ಕಂಪನಿಯ ನೋಂದಣಿ ಬೆಂಗಳೂರಿನಲ್ಲಿದ್ದರೆ ಹುಬ್ಬಳ್ಳಿಯ ನವನಗರದಲ್ಲಿರುವ ಪಿಎಫ್ ಕಚೇರಿಗೆ ಅಲೆಯುವುದು ವ್ಯರ್ಥ. ಈ ಪತ್ರ ಎಲ್ಲರಿಗೂ ಉಪಯೋಗಕ್ಕೆ ಬರುವುದಿಲ್ಲ. ಭಾರತದ ಕೆಲಸ ಬಿಟ್ಟು ವಿದೇಶಿ ಕಂಪನಿಗೇ ನೇರವಾಗಿ ಸೇರಿದವರಿಗೆ ಇದು ಸಿಗದು; ಅಮೆರಿಕದೊಂದಿಗೆ ಇಂಥ ಒಪ್ಪಂದವೇ ಇಲ್ಲದ ಕಾರಣ ಅಲ್ಲಿನ ಸಾಮಾಜಿಕ ಭದ್ರತಾ ಕಡಿತ ತಪ್ಪುವುದಿಲ್ಲ. ಅವಧಿಗೂ ಮಿತಿಯಿದೆ: ಜರ್ಮನಿಗೆ ಮೊದಲಿಗೆ 48 ತಿಂಗಳು, ಜಪಾನಿಗೆ 5 ವರ್ಷ. ಜರ್ಮನಿಗೆ ಹೋಗುವವರು ಆರೋಗ್ಯ ವಿಮೆಯನ್ನು ಪ್ರತ್ಯೇಕವಾಗಿಯೇ ನೋಡಿಕೊಳ್ಳಬೇಕು. ಎಲ್ಲಕ್ಕಿಂತ ಹೆಚ್ಚು ಗೊಂದಲ ಆಗುವುದು ಆದಾಯ ತೆರಿಗೆಯ ವಿಷಯದಲ್ಲಿ, ಹೀಗಾಗಿ ಇದನ್ನು ದಯವಿಟ್ಟು ಗಮನದಲ್ಲಿಡಿ: ಈ ಪ್ರಮಾಣಪತ್ರಕ್ಕೂ ತೆರಿಗೆಗೂ ಸಂಬಂಧವಿಲ್ಲ. ಎರಡು ಕಡೆ ತೆರಿಗೆ ಬೀಳದಂತೆ ತಡೆಯುವ ಒಪ್ಪಂದವೇ ಬೇರೆ, ಅದರ ದಾಖಲೆಗಳೂ ಬೇರೆ; ಅದಕ್ಕಾಗಿ ನೀವು ಭಾರತದಲ್ಲಿದ್ದ ದಿನಗಳ ಲೆಕ್ಕವನ್ನು ಪಾಸ್‌ಪೋರ್ಟ್ ಮುದ್ರೆಗಳ ಪ್ರತಿಯೊಂದಿಗೆ ಈಗಿನಿಂದಲೇ ಬರೆದಿಟ್ಟುಕೊಳ್ಳಿ.