ಪ್ಲಾಸ್ಮಿಡ್ ಫೈಲ್‌ನಲ್ಲಿ ಹಿಸ್ಟರಿ ಉಳಿಸೋದು ಹೇಗೆ

ನಿಮ್ಮ ಲ್ಯಾಬ್‌ನ ಕಂಪ್ಯೂಟರ್ ತೆರೆದು ನೋಡಿ. ‘ಫೈನಲ್’, ‘ಫೈನಲ್ 2’, ‘ಸರ್ ಹೇಳಿದ ಫೈನಲ್’ ಅಂತ ಪ್ಲಾಸ್ಮಿಡ್ ಫೈಲ್‌ಗಳು ಸಾಲಾಗಿ ಕೂತಿರುತ್ತವೆ, ಅಲ್ವಾ? ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸುವ ಉಂಗುರದಂಥ ಡಿಎನ್‌ಎ, ಅದರ ಸೀಕ್ವೆನ್ಸ್ ಅಂದರೆ ಅಕ್ಷರಗಳ ಸಾಲು ಈ ಫೈಲ್‌ನಲ್ಲಿರುತ್ತದೆ. ಮಾಡಿದವರು ಪಿಎಚ್‌ಡಿ ಮುಗಿಸಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ರಾಯಚೂರಿನಲ್ಲಿ ಹತ್ತಿ, ತೊಗರಿ ಮೇಲೆ ಕೆಲಸ ಶುರು ಮಾಡುವ ಹೊಸಬರ ಕೈಗೆ ಇಂಥ ಫೈಲೇ ಸಿಗುತ್ತದೆ. ಪಹಣಿ ನೋಡಿದರೆ ಹೊಲ ಈಗ ಯಾರದು ಅಂತ ಗೊತ್ತಾಗುತ್ತದೆ, ಹೇಗೆ ಬಂತು ಅಂತ ತಿಳಿಯಲು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ದಾಖಲೆ ತೆಗೆಸಬೇಕು. ಡಿಎನ್‌ಎ ಸೀಕ್ವೆನ್ಸ್ ಬರೀ ಪಹಣಿ, ಪ್ಲಾಸ್ಮಿಡ್ ಹೇಗೆ ಕಟ್ಟಿದರು ಅನ್ನೋ ಹಿಸ್ಟರಿ ಅದರಲ್ಲಿ ಇರಲ್ಲ.

ಇದರಿಂದ ಏನು ತೊಂದರೆ? ಒಂದು ಉದಾಹರಣೆ ನೋಡಿ. ಡಿಎನ್‌ಎಯನ್ನು ಗೊತ್ತಾದ ಅಕ್ಷರ ಇರುವ ಜಾಗದಲ್ಲಿ (ಅದೇ ಸೈಟ್) ಕತ್ತರಿಸುವ ಎನ್‌ಜೈಮ್‌ಗಳಿವೆ. ಬ್ಯಾಮ್‌ಎಚ್-1 ಕತ್ತರಿಸುವುದು ಜಿಜಿಎಟಿಸಿಸಿ ಇದ್ದಲ್ಲಿ, ಬಿಜಿಎಲ್-2 ಕತ್ತರಿಸುವುದು ಎಜಿಎಟಿಸಿಟಿ ಇದ್ದಲ್ಲಿ. ಎರಡೂ ಬಿಡುವ ತುದಿ ಒಂದೇ, ಜಿಎಟಿಸಿ, ಹಾಗಾಗಿ ಒಂದರ ತುದಿ ಇನ್ನೊಂದಕ್ಕೆ ಸಲೀಸಾಗಿ ಅಂಟಿಕೊಳ್ಳುತ್ತದೆ. ಆದರೆ ಅಂಟಿದ ಮೇಲೆ ಆ ಜಾಗ ಜಿಜಿಎಟಿಸಿಟಿ ಆಗುತ್ತದೆ, ಅದನ್ನು ಎರಡೂ ಎನ್‌ಜೈಮ್ ಮುಟ್ಟುವುದಿಲ್ಲ. ‘ಬ್ಯಾಮ್ ಸೈಟ್‌ಗೆ ಹಾಕಿದ್ದೆ’ ಅನ್ನುವ ಸೀನಿಯರ್ ಮಾತು ನಂಬಿ, ಬಿಸಿಲಲ್ಲಿ ಐಸ್ ಹಾಕಿ ತರಿಸಿದ ದುಬಾರಿ ಎನ್‌ಜೈಮ್ ಸುರಿದರೆ, ಡಿಎನ್‌ಎ ತುಂಡುಗಳನ್ನು ಬೇರೆ ಮಾಡಿ ತೋರಿಸುವ ಜೆಲ್‌ನಲ್ಲಿ ಇನ್ಸರ್ಟ್ (ಸೇರಿಸಿದ ತುಂಡು) ಬ್ಯಾಂಡ್ ಕಾಣುವುದೇ ಇಲ್ಲ. ಆ ಸೈಟ್ ಯಾಕೆ ಮಾಯವಾಯಿತು ಅನ್ನೋದು ಹಿಸ್ಟರಿ ಇದ್ದರೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಈಗ ಮಾಡುವ ಬಗೆ. ಮೂಲ ವೆಕ್ಟರ್‌ನ, ಅಂದರೆ ಇನ್ಸರ್ಟ್ ಹಾಕುವ ಖಾಲಿ ಪ್ಲಾಸ್ಮಿಡ್‌ನ, ನಂಬಿಕಸ್ಥ ಫೈಲ್‌ನಿಂದಲೇ ಶುರು ಮಾಡಿ. ಉದಾಹರಣೆಗೆ ಪಿಯುಸಿ19 ಅನ್ನೋ ವೆಕ್ಟರ್ ಅಂದರೆ 2,686 ಬೇಸ್‌ಪೇರ್ (ಡಿಎನ್‌ಎ ಅಕ್ಷರ ಜೋಡಿ) ಉದ್ದ. ನಿಮ್ಮ ಫೋಲ್ಡರಿನದು ಬೇರೆ ಸಂಖ್ಯೆ ತೋರಿಸಿದರೆ ಯಾರೋ ಮೊದಲೇ ಕೈಯಾಡಿಸಿದ್ದಾರೆ ಅಂತಲೇ ಅರ್ಥ.

ಆಮೇಲೆ, ಸೀಕ್ವೆನ್ಸನ್ನು ಕಾಪಿ ಮಾಡಿ ಸುಮ್ನೆ ಪೇಸ್ಟ್ ಮಾಡಬೇಡಿ. ಬೇಗ ಆಗುತ್ತದೆ, ನಿಜ. ಆದರೆ ಯಾವ ಪ್ಲಾಸ್ಮಿಡ್‌ನಿಂದ ಬಂತು, ಯಾವ ಎನ್‌ಜೈಮ್ ಕತ್ತರಿಸಿತು ಅನ್ನೋದು ಅಲ್ಲಿಗೇ ಮುಗೀತು. ಪ್ಲಾಸ್ಮಿಡ್ ಫೈಲ್ ತೆರೆಯುವ ಸ್ನ್ಯಾಪ್‌ಜೀನ್ ಸಾಫ್ಟ್‌ವೇರ್‌ನಲ್ಲಿ ಆ್ಯಕ್ಷನ್ಸ್ ಮೆನುವಿನ ರೆಸ್ಟ್ರಿಕ್ಷನ್ ಕ್ಲೋನಿಂಗ್ ಮೂಲಕವೇ ಇನ್ಸರ್ಟ್ ಸೇರಿಸಿ. ಕೆಳಗಿನ ಹಿಸ್ಟರಿ ಟ್ಯಾಬ್‌ನಲ್ಲಿ ಮೂಲ ಪ್ಲಾಸ್ಮಿಡ್‌ಗಳ ಸಮೇತ ಎಲ್ಲ ಚಿತ್ರವಾಗಿ ಬರುತ್ತದೆ, ಹಳೆಯದನ್ನು ಅಲ್ಲಿಂದಲೇ ವಾಪಸ್ ತೆರೆಯಬಹುದು. ದುಡ್ಡಿಲ್ಲದೆ ಸಿಗುವ ‘ಎ ಪ್ಲಾಸ್ಮಿಡ್ ಎಡಿಟರ್’ ಸಾಫ್ಟ್‌ವೇರ್ ಬಳಸುವವರು ಕಾಮೆಂಟ್ ಜಾಗದಲ್ಲಿ ಕೈಯಾರೆ ಬರೆಯಿರಿ, ಬೇಜಾರಿನ ಕೆಲಸ, ಆದರೂ ಬರೆಯಿರಿ.

ಯಾವ ಬ್ಯಾಕ್ಟೀರಿಯಾ ತಳಿಯಲ್ಲಿ ಬೆಳೆಸಿದಿರಿ ಅನ್ನೋದನ್ನೂ ಹಾಕಿ. ಡಿಎಚ್5 ಆಲ್ಫಾ ತಳಿಯಲ್ಲಿ ಡ್ಯಾಮ್ ಮೀಥೈಲೇಸ್ ಅನ್ನೋ ಎನ್‌ಜೈಮ್ ಇದೆ, ಅದು ಜಿಎಟಿಸಿಯ ಎ ಮೇಲೆ ಮೀಥೈಲ್ ಗುಂಪು ಕೂರಿಸುತ್ತದೆ. ಎಕ್ಸ್‌ಬಿಎ-1 ಸೈಟ್ ಟಿಸಿಟಿಎಜಿಎ ಆದಮೇಲೆ ಟಿಸಿ ಬಂದರೆ ನಡುವೆ ಜಿಎಟಿಸಿ ಹುಟ್ಟಿಕೊಂಡು, ಅದರ ಮೇಲೆ ಮೀಥೈಲ್ ಕೂತು ಎಕ್ಸ್‌ಬಿಎ-1 ಎನ್‌ಜೈಮ್ ಕೆಲಸ ಮಾಡುವುದಿಲ್ಲ. ಜೆಎಂ110 ಥರದ ಡ್ಯಾಮ್ ಇಲ್ಲದ ತಳಿಯಲ್ಲಿ ಬೆಳೆಸಿದರೆ ಅದೇ ಪ್ಲಾಸ್ಮಿಡನ್ನು ಎಕ್ಸ್‌ಬಿಎ-1 ಚೆನ್ನಾಗಿ ಕತ್ತರಿಸುತ್ತದೆ. ಸೀಕ್ವೆನ್ಸ್ ಮಾತ್ರ ಎರಡೂ ಕಡೆ ಅದೇ!

ಸಾಫ್ಟ್‌ವೇರ್ ‘ಹೇಗೆ’ ಅಂತ ಬರೆದುಕೊಳ್ಳುತ್ತದೆ, ‘ಯಾಕೆ’ ಅಂತ ಅದಕ್ಕೆ ಗೊತ್ತಿಲ್ಲ. ನನ್ನ ಪ್ರಕಾರ ಜಾಸ್ತಿ ಬೆಲೆ ಇದಕ್ಕೇ. 35ಎಸ್ ಪ್ರೊಮೋಟರ್ (ಜೀನ್ ಕೆಲಸ ಶುರು ಮಾಡಿಸುವ ಡಿಎನ್‌ಎ ಭಾಗ) ತೆಗೆದು ಬೇರೆ ಹಾಕಿದ್ದೇಕೆ, ಯಾವ ಡಿಸೈನ್ ಕೈಬಿಟ್ಟಿರಿ, ಯಾವ ಕ್ಲೋನ್ ನಂಬರ್ ಎಲ್ಲಿಂದ ಎಲ್ಲಿವರೆಗೆ ಸೀಕ್ವೆನ್ಸ್ ಮಾಡಿಸಿ ನೋಡಿದಿರಿ, ಡೀಪ್ ಫ್ರೀಜರಿನ ಯಾವ ಬಾಕ್ಸ್‌ನಲ್ಲಿದೆ, ಇದೆಲ್ಲ ತಾರೀಖು ಸಮೇತ ಡಿಸ್ಕ್ರಿಪ್ಷನ್‌ನಲ್ಲಿ ನಾಲ್ಕು ಸಾಲು ಇರಲಿ. ಕನ್ನಡದಲ್ಲಿ ಬರೆಯುವುದಾದರೆ ಮೊದಲು ಸೇವ್ ಮಾಡಿ ಮತ್ತೆ ತೆರೆದು ನೋಡಿ, ಕೆಲವು ಹಳೇ ಫಾರ್ಮ್ಯಾಟ್‌ಗಳು ನಮ್ಮ ಅಕ್ಷರ ಕೆಡಿಸುತ್ತವೆ.

ಲ್ಯಾಬ್ ಬಿಡುವವರು ಫೈಲ್ ಕೊಡುವಾಗ ಒಂದು ಮಾತು. ಫಾಸ್ಟಾ ಅನ್ನೋ ಸರಳ ಫೈಲ್ ಫಾರ್ಮ್ಯಾಟ್‌ನಲ್ಲಿ ಹೆಸರು, ಸೀಕ್ವೆನ್ಸ್ ಬಿಟ್ಟರೆ ಏನೂ ಹೋಗಲ್ಲ. ಜೆನ್‌ಬ್ಯಾಂಕ್ ಫಾರ್ಮ್ಯಾಟ್‌ನಲ್ಲಿ ಜೀನ್ ಗುರುತುಗಳು ಹೋಗುತ್ತವೆ, ಆದರೆ ಸ್ನ್ಯಾಪ್‌ಜೀನ್‌ನ ಹಿಸ್ಟರಿ ಚಿತ್ರ ಹೋಗಲ್ಲ. ಆದ್ದರಿಂದ ಸ್ನ್ಯಾಪ್‌ಜೀನ್‌ನ ಮೂಲ ‘.dna’ ಫೈಲನ್ನೂ ಜೊತೆಗೆ ಕೊಡಿ, ತಗೊಳ್ಳುವವರ ಕಂಪ್ಯೂಟರಿನಲ್ಲಿ ಅವರ ಮುಂದೆಯೇ ಒಮ್ಮೆ ತೆರೆದು ತೋರಿಸಿ.